ತಪ್ಪುಗಳ ಪುಟ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಲೆಕ್ಕದ ಟೀಚರುಗಳು. ಹಿರಿಯಾಕೆಯ ಕೈಯಲ್ಲಿ ಅವರ ಸಂಘದ ಪತ್ರಿಕೆಯ 'ಐವತ್ತು ವರ್ಷ ತುಂಬಿತು' ಎಂಬ ವಿಶೇಷ ಸಂಚಿಕೆ.

"ಪತ್ರಿಕೆಯ ಚರಿತ್ರೆಯಂತೆ! ಬರೀ ಅಧ್ಯಕ್ಷರ ಫೋಟೋಗಳು. ಥೂ!"

"ಬೋರ್ಡ್ ಮೇಲೆ ಮಾಡಿದ ತಪ್ಪುಗಳನ್ನ ನಾವೇ ಬರೆದು ಕಳಿಸ್ತಿದ್ವಲ್ಲ ಅಕ್ಕ, ಆ ಪುಟದ ಬಗ್ಗೆ?"

"ಒಂದಕ್ಷರ ಇಲ್ಲ. ಆ ಪುಟಾನೇ ನಿಲ್ಲಿಸಿಬಿಟ್ರು. ಟೀಚರುಗಳ ಮರ್ಯಾದೆ ಹೋಗುತ್ತಂತೆ."

"ನಾನು ಮೊದಲು ಓದ್ತಿದ್ದಿದ್ದೇ ಅದನ್ನ!"

"ಇನ್ನೂ ಕೇಳು. ಪತ್ರಿಕೆ ಶುರುವಾದ ವರ್ಷ ಇಲ್ಲೇ ಅಚ್ಚಾಗಿದೆ, ಕಳೆದು ನೋಡು. ಐವತ್ತು ತುಂಬೋದು ಬರೋ ವರ್ಷ."

"ಅಯ್ಯೋ ಕರ್ಮವೇ! ಲೆಕ್ಕದವರಿಗೇ ಕಳೆಯೋ ಲೆಕ್ಕ ಬರಲ್ವಾ? ತಪ್ಪು ಅಂತ ಬರೆದು ಕಳಿಸಿ ಅಕ್ಕ."

ಬಸ್ ಬಂತು. ಹಿರಿಯಾಕೆ ಸಂಚಿಕೆಯನ್ನು ಬೆಂಚಿನ ಮೇಲೇ ಬಿಟ್ಟು, ಕೈ ಕೊಡವಿಕೊಂಡು ಎದ್ದರು.

"ಯಾವ ಪುಟಕ್ಕೆ ಕಳಿಸ್ಲಿ?"