ರಾಟಿ ತೊಲಿಯ ಕರಿಮರ

ಎಲ್ಲಾರ್ದೂ ಊಟ ಆಗೇತಿಲ್ಲೋ? ಆಗದಿದ್ರ ಈಗ ಎದ್ದು ಹೋಗಿ ಉಂಡು ಬರ್ರಿ. ಇದನ್ನ ಕೇಳಿದ ಮ್ಯಾಲೆ ತುತ್ತು ಗಂಟಲದಾಗ ಇಳಿಯಂಗಿಲ್ಲ. ಆಮ್ಯಾಲೆ ನನ್ನ ಬೈಬ್ಯಾಡ್ರಿ.

ಕಂಪ್ಲ್ಯಾಗ ನಮ್ಮ ದೊಡ್ಡವ್ವನ ಮನಿ ಮಗ್ಗಲಕ ಬಡಿಗೇರ ಮೌನಪ್ಪ ಅಂತ ಇದ್ದ. ಅವನಿಗೆ ಆದದ್ದು ಇದು. ಯುದ್ಧದ ಕಾಲ. ನಮ್ಮ ಜಿಲ್ಲಾ ಇನ್ನಾ ಮದ್ರಾಸಿನವರ ಕೈಯಾಗಿತ್ತು, ಹೊಳಿಗೆ ಡ್ಯಾಮೂ ಇರಲಿಲ್ಲ. ಸೀಮೆಎಣ್ಣಿ ಸಿಗತಿರಲಿಲ್ಲ ಅಂತ ಹೊತ್ತು ಮುಣುಗಿದ ಕೂಡ್ಲೆ ಊರೆಲ್ಲ ಕತ್ತಲಿ.

ಆವತ್ತು ಮೌನಪ್ಪ ಮರಿಸ್ವಾಮಿಯ ಅಕ್ಕಿ ಗಿರಣಿಯಿಂದ ಮನಿಗೆ ಹೊಂಟಿದ್ದ. ಭಾಳ ಹೊತ್ತಾಗಿತ್ತು. ದಾರ್ಯಾಗ ಹಂಪಯ್ಯನ ತೋಟದ ಬಾವಿ. ಮೊದಲು ಅಲ್ಲಿ ಎರಡು ಕಲ್ಲಕಂಬ, ಅದರ ಮ್ಯಾಲೆ ಒಂದು ಅಡ್ಡ ತೊಲಿ, ತೊಲಿಗೆ ನೀರು ಸೇದೋ ರಾಟಿ ಇತ್ತು. ಎರಡು ತಿಂಗಳ ಹಿಂದ ತೊಲಿ ಇಳಿಸಿಬಿಟ್ಟಿದ್ರು. ಇಳಿಸಿದಾತ ಮೌನಪ್ಪನ. ಈಗ ಬರೇ ಕಂಬ ನಿಂತಿದ್ದುವು. ಆ ಬಾವಿಗೆ ಯಾರೂ ನೀರಿಗೆ ಬರತಿರಲಿಲ್ಲ.

ಅಂವ ಬಾವಿ ದಾಟಿ ನಾಕು ಹೆಜ್ಜಿ ಇಟ್ಟಿದ್ದ...

ಕುಂಯ್... ಕಿರ್ರ್... ಕುಂಯ್... ಕಿರ್ರ್...

ಖಾಲಿ ಕೊಡ ಇಳಿಯುವಾಗ ರಾಟಿ ಗಿರಗಿರ ಅಂತೈತಿ. ಭಾರ ಮ್ಯಾಲೆ ಬರುವಾಗ ಹಿಂಗ ನರಳತೈತಿ. ಇದು ಭಾರದ ಸಪ್ಪಳ. ಮೌನಪ್ಪ ಹೊಳ್ಳಿ ನೋಡಿದ. ಅರ್ಧ ಚಂದ್ರ ಇದ್ದ, ಎಲ್ಲಾ ನಿಚ್ಚಳ ಕಾಣತಿತ್ತು. ತೊಲಿ ಇಲ್ಲ. ರಾಟಿ ಇಲ್ಲ. ಹಗ್ಗ ಇಲ್ಲ. ಎರಡು ಕಂಬ, ನಡುವ ಆಕಾಶ. ಸಪ್ಪಳ ನಿಂತಿತು. ಆಮ್ಯಾಲೆ ಬಾವಿ ಕಟ್ಟಿ ಮ್ಯಾಲೆ ನೀರು ತೊಟ್ಟಿಕ್ಕೋದು ಕೇಳಿಸಿತು... ತಪ್... ತಪ್... ತಪ್...

ಓಡಬೇಕಂತ ಕಾಲೆತ್ತಿದ. ಅಷ್ಟರಾಗ ನಾಲಿಗಿ ಬುಡಕ ಏನೋ ತುರಿಸಿದಂಗಾತು. ಬೆರಳು ಹಾಕಿದ. ಕೂದಲ. ಎಳೆದ. ಬಂತು, ಇನ್ನಾ ಬಂತು, ಗಂಟಲದಾಗಿಂದ ಮೊಳದುದ್ದ ಜಾರಿಕೊಂತ ಬಂತು. ಹೆಣ್ಣುಮಕ್ಕಳ ಕೂದಲ. ಬಾಯಿತುಂಬ ಹರಳೆಣ್ಣಿ ವಾಸನಿ, ಅದರ ಹಿಂದ ಪಾಚಿ ನಾತ. ಮೌನಪ್ಪ ಬದುವಿನ ಮ್ಯಾಲೆ ಕುಕ್ಕರಗಾಲಿಲೆ ಕುಂತು ಕಾರಿಕೊಂಡ. ಕಾರಾಕ ಹೊಟ್ಟ್ಯಾಗ ಏನಿತ್ತು? ಹಳದಿ ನೀರು ಅಷ್ಟ. ಹನ್ನೆರಡು ದಿನದಿಂದ ಅಂವ ಉಂಡೇ ಇರಲಿಲ್ಲ.

ಹೌದು, ಇದೇ ಮೊದಲಲ್ಲ. ರೊಟ್ಟಿ ಮುರಿದ್ರ ಕೂದಲ. ಮಜ್ಜಿಗ್ಯಾಗ ಕೂದಲ. ಬರೇ ನೀರು ಕುಡಿದ್ರೂ ಹಲ್ಲಿಗೆ ಸುತ್ತಿಕೊಂಡು ಬರತಿತ್ತು. ಮೊದಮೊದಲು ಹೇಂತಿಗೆ ಬೈದ, ಗಂಗಾಳ ಒಗದ. ಅಕಿ ಹೆಸರು ಕಾಳಮ್ಮ. ಪಾಪ, ತಲಿಗೆ ಅರಿವಿ ಕಟ್ಟಿಕೊಂಡು ಅಡಿಗಿ ಮಾಡಾಕ ಹತ್ತಿದ್ಲು. ಅಂವ ಆ ರಾತ್ರಿ ಮನಿಗೆ ಬಂದಾಗ ಮುಷ್ಟಿ ಬಿಚ್ಚಿ ತೋರಿಸಿದ.

"ನೋಡು," ಅಂದ ಪಿಸುಮಾತಿನ್ಯಾಗ.

ಕಾಳಮ್ಮ ದೀಪ ಹಿಡಿದು ನೋಡಿದ್ಲು. ಮುಟ್ಟಲಿಲ್ಲ.

"ನನ್ನದಲ್ಲ."

"ನನಗೂ ಗೊತ್ತದು."

"ಮತ್ತ ಯಾರದು?"

ಮೌನಪ್ಪ ಮುಷ್ಟಿ ಮತ್ತ ಮುಚ್ಚಿದ.

"ಯಾರದಂತ ನಿಮಗ ಗೊತ್ತೈತಿ," ಅಂದ್ಲು ಕಾಳಮ್ಮ. "ಹಿಂಗ ಇದ್ರ ನೀವು ಉಳಿಯಂಗಿಲ್ರಿ. ಎಲುಬು ಎಣಿಸಬಹುದು ನಿಮ್ಮವು. ಏನು ಮಾಡೀರಿ ಹೇಳ್ರಿ."

ಮಾಡಿದ್ದು ಏನಂದ್ರ...

ಗಿರಣಿ ಮರಿಸ್ವಾಮಿಗೆ ಹಾಡು ಬಾರಿಸೋದರ ಹುಚ್ಚು. ಬಳ್ಳಾರಿ ದಂಡಿನ್ಯಾಗ ಒಬ್ಬ ಸೋಜರ ಬೇವಿನ ಗಿಡದ ಕೆಳಗ ಕುಂತು ಗಿಟಾರು ಬಾರಿಸೋದನ್ನ ನೋಡಿ ಬಂದ. ಬಂದವನ ಅಕ್ಕಿಚೀಲದ ಮ್ಯಾಲೆ ಇದ್ದಲಿಲೆ ಚಿತ್ರ ಬರೆದು ಮೌನಪ್ಪನ ಮುಂದ ಒಗದ. "ಇಂಥದೊಂದು ಮಾಡಿಕೊಡು. ಹೊಟ್ಟಿ ಹಳದಿ ಇರಬೇಕು. ಕುತಿಗಿ ಮ್ಯಾಲೆ ಬೆರಳಾಡೋ ಪಟ್ಟಿ ಕಪ್ಪ ಇರಬೇಕು. ನಾಟಕದಾಗ ಹಿಂದ ಕುಂತವನಿಗೂ ಎರಡು ಮರ ಬ್ಯಾರೆ ಬ್ಯಾರೆ ಕಾಣಬೇಕಪಾ."

ಮೌನಪ್ಪ ಗಾಡಿ ಮಾಡೋ ಬಡಿಗೇರ ಖರೆ, ಆದ್ರ ಅವರಪ್ಪ ತಂಬೂರಿ ಮಾಡಿದಾತ. "ಹಗುರ ಮರ ಹಾಡಬೇಕು, ಕರೇ ಮರ ತಡಕೋಬೇಕು" ಅಂತ ಅವರಪ್ಪ ಹೇಳತಿದ್ದ. ತಂತಿ ತಿಕ್ಕೋ ಜಾಗದಾಗ ಕಬ್ಬಿಣದಂಥ ಮರ ಇಲ್ಲದಿದ್ರ ವರ್ಷೊಪ್ಪತ್ತಿನ್ಯಾಗ ಗೀರು ಬೀಳತಾವ. ಹೊಟ್ಟಿಗೆ ಹಲಸು ಸಿಕ್ಕಿತು, ಅರಿಷಿಣ ಹಚ್ಚಿದಂಗ ಹಳದಿ. ಕಪ್ಪ ಸಿಗಲಿಲ್ಲ. ಹೊಸಪೇಟಿ ಕಟಗಿ ಅಡ್ಡೆಯೊಳಗಿನ ಒಳ್ಳೆ ಮರ ಎಲ್ಲಾ ಯುದ್ಧಕ್ಕ ಹೋಗಿತ್ತು. ಬೀಟೆ ತಂದು ತೋರಿಸಿದ. "ಇದು ಕಂದು," ಅಂದ ಮರಿಸ್ವಾಮಿ. ಸಂಡೂರ ಗುಡ್ಡದ ಕಗ್ಗಲಿ ಮರ ತಂದ. "ಇದು ಕೆಂಪ. ಕಪ್ಪಂದ್ರ ಕಾಡಿಗಿ ಇದ್ದಂಗ ಇರಬೇಕಲೇ ಮೌನಪ್ಪ." ಆಮ್ಯಾಲಾಮ್ಯಾಲೆ ಮೌನಪ್ಪಗೂ ಅದೇ ಧ್ಯಾಸ ಆತು. ಕುಂತ್ರ ಕಪ್ಪ, ನಿಂತ್ರ ಕಪ್ಪ.

ಅದೇ ವಾರದಾಗ ಎರ್ರೆಮ್ಮ ಸತ್ಲು.

ಎರ್ರೆಮ್ಮ ಅಂದ್ರ ಮುದುಕಿ ಭರಮಮ್ಮನ ಒಬ್ಬಾಕಿ ಮಗಳು. ಹಂಪಯ್ಯನ ಬಾವಿಗೆ ನೀರಿಗೆ ಹೋದಾಕಿ ಪಾಚ್ಯಾಗ ಕಾಲು ಜಾರಿ ಬಿದ್ಲು. ಮರುದಿನ ತೇಲಿದ್ಲು. ಹಗ್ಗ ಕಟ್ಟಿ ಅದೇ ರಾಟಿಲೆ ಹೆಣ ಎಳೆದ್ರು. ಮ್ಯಾಲೆ ಬರುವಾಗ ಅಕಿ ಜಡಿ ಹಗ್ಗದ ಕೂಡ ರಾಟಿಗೆ ಸಿಕ್ಕು ತೊಲಿಗೆ ಸುತ್ತಿಕೊಂತು. ಎಷ್ಟು ಬಿಡಿಸಿದ್ರೂ ಬಿಡಲಿಲ್ಲ. ಹೆಣ ಅಲ್ಲೇ ತೂಗಾಡತಿತ್ತು, ಮೂಗಿನ್ಯಾಗಿಂದ ಬಾವಿ ನೀರು ಸೋರತಿತ್ತು. ಕಡಿಗೆ ಒಬ್ಬಾತ ಕುಡಗೋಲಿಲೆ ಜಡಿ ಕೊಯ್ದ.

ಬಾವ್ಯಾಗ ಸತ್ತೋರನ್ನ ಯಾವ ತೊಲಿ ಮ್ಯಾಲಿಂದ ಎಳೀತಾರೋ ಆ ತೊಲಿ ಅವರ ಜೊತಿಗೇ ಚಿತೆಗೆ ಹೋಗಬೇಕು, ಇದು ನಮ್ಮ ಓಣಿ ರೂಢಿ. ಅದರಾಗ ಎರ್ರೆಮ್ಮನ ಜಡಿ ಬ್ಯಾರೆ ಅದಕ್ಕ ಸುತ್ತಿತ್ತು. ತೊಲಿ ಸುಡದಿದ್ರ ಅರ್ಧ ಹೆಣ ಸುಟ್ಟಂಗ. ತೊಲಿ ಇಳಿಸಿ, ತುಂಡು ಮಾಡಿ, ಚಿತೆಗೆ ಇಡೋದು ಬಡಿಗೇರನ ಕೆಲಸ. ಭರಮಮ್ಮ ಮೌನಪ್ಪನ ಕೈ ಹಿಡಿದು ಹೇಳಿದ್ಲು, "ಒಂದು ಎಳಿನೂ ಉಳೀಬಾರದಪಾ." ಅಂವ ಹೂಂ ಅಂದ.

ತೊಲಿ ಮನಿಗೆ ತಂದು ಉಳಿಲೆ ಒಂದು ಚಕ್ಕಿ ಎಬ್ಬಿಸಿದ. ಒಳಗ ಕರಿಮರ. ಹಿಂದಿನೋರು ಹಾಕಿದ ಅಪ್ಪಟ ಕರಿಮರ, ಕಾಡಿಗಿ ಇದ್ದಂಗ. ಮೌನಪ್ಪಗ ಅಲ್ಲೇ ಬುದ್ಧಿ ಕೆಟ್ಟಿತು. ಅಟ್ಟದ ಮ್ಯಾಲೆ ಒಂದು ಹಳೇ ಬೇವಿನ ತೊಲಿ ಇತ್ತು. ಅದಕ್ಕ ಮಸಿ ತಿಕ್ಕಿ, ತುಂಡು ಮಾಡಿ, ಚಿತೆಗೆ ಇಟ್ಟುಬಂದ. ಕತ್ತಲ್ಯಾಗ ಯಾರು ನೋಡ್ತಾರ? ಸುತ್ತಿಕೊಂಡಿದ್ದ ಜಡಿನ್ನ ಉಳಿಲೆ ಕೆರೆದ. ಅದು ಮಾಂಸ ಕೊಯ್ದಂಗ ಸುಳಕ್ ಸುಳಕ್ ಅನಕೊಂತ ಬಂತು. ಎಡಗೈಲೆ ಎತ್ತಿ ಹಿತ್ತಲ ತಿಪ್ಪಿಗೆ ಒಗದ. ಥೂ, ನೆನೆಸಿಕೊಂಡ್ರ ನನಗ ಈಗೂ ಮೈ ಜುಂ ಅಂತೈತಿ. ಮನಶ್ಯಾ ಮಾಡೋ ಕೆಲಸ ಏನದು?

ಅಷ್ಟಕ್ಕ ಬಿಡಲಿಲ್ಲ. ಹಳೇ ಬಡಿಗ್ಯಾರು ಮರ ಒಣಗೇತೋ ಇಲ್ಲೋ ಅಂತ ನಾಲಿಗಿಲೆ ನೋಡತಿದ್ರು. ಕೊಯ್ದ ಮುಖಕ್ಕ ನಾಲಿಗಿ ಹಚ್ಚಬೇಕು. ಒಣಗಿದ್ದು ಅಂಟತೈತಿ, ಹಸೇದು ಜಾರತೈತಿ. ಮೌನಪ್ಪ ಆ ಕರಿ ಹಲಗಿಗೆ ಉದ್ದಕ ನಾಲಿಗಿ ಹಚ್ಚಿ ನೋಡಿದ. ಅಂಟಿತು. ಅಂಟಿದ್ದು ಜಲ್ದಿ ಬಿಡಲಿಲ್ಲ. ಕಿತ್ತುಕೊಂಡಾಗ ಬಾಯಾಗ ಹರಳೆಣ್ಣಿ ರುಚಿ. ಥೂ ಅಂತ ಉಗುಳಿದ. ಉಗುಳಿನ್ಯಾಗ ಒಂದು ಕೂದಲ. ತೊಲಿಗೆ ಅಂಟಿದ್ದು ಉಳದಿರಬೇಕು ಅಂತ ಒರೆಸಿಕೊಂಡು ಕೆಲಸಕ್ಕ ಕುಂತ.

ಚರ್ಮ, ಎಲುಬು ಕುದಿಸಿ ಮಾಡಿದ ಅಂಟಿಲೆ ಹಲಸಿನ ಕುತಿಗಿಗೆ ಕರಿ ಪಟ್ಟಿ ಕೂಡಿಸಿದ. ಹಳದಿ ಮ್ಯಾಲೆ ಕಪ್ಪ, ಏನು ಚೆಂದ ಅಂತೀರಿ! ಅವನ ಜನ್ಮದಾಗ ಅಂಥದ್ದು ಮಾಡಿರಲಿಲ್ಲ. ನಾಳಿದ್ದು ಕೊಡ್ತೀನಿ ಅಂತ ಹೇಳಿಬರಾಕ ಗಿರಣಿಗೆ ಹೋಗಿದ್ದ. ಬರುವಾಗಲೇ ಬಾವಿ ಹತ್ರ ಹಂಗಾತು.

ಇಷ್ಟೂ ಹೇಂತಿ ಮುಂದ ಹೇಳಿದ. ಕಾಳಮ್ಮ ಕೇಳಿ ಒಂದು ಮಾರು ದೂರ ಸರಿದು ಕುಂತ್ಲು.

"ಆ ಕೈಲೆ ನನ್ನ ಮುಟ್ಟಬ್ಯಾಡ್ರಿ," ಅಂದ್ಲು. "ಕಿತ್ತು ಹಾಕ್ರಿ ಅದನ್ನ. ಈಗಲೇ."

"ಅಂಥಾ ಕೆಲಸ ಮತ್ತ ನನ್ನ ಕೈಲೆ ಆಗಂಗಿಲ್ಲ..."

"ನೀವು ಉಂಡು ಬದುಕಿದ್ರ ಅಲ್ಲೇನ್ರಿ ಕೈ ಉಳಿಯೋದು?"

ಮೌನಪ್ಪ ಎದ್ದ. ಚಾಕು ಕಾಸಿ ಹಲಸಿಗೂ ಕರಿಮರಕ್ಕೂ ನಡುವ ತುರುಕಿದ. ಅಂಟು ಕರಗಿ ಕಮಟು ನಾತ ಬಂತು. ಚರ್... ಚರ್... ಪಟ್ಟಿ ಎದ್ದಿತು. ಎರಡು ಮರದ ನಡುವ ಹಾಳಿ ತೂರಾಕ ಜಾಗ ಇರಲಿಲ್ಲ, ಅಷ್ಟು ಬಿಗಿ ಕೂಡಿಸಿದ್ದ ಅಂವ. ಅಲ್ಲಿ, ಉದ್ದಕ, ಜಡಿ ಮಲಗಿತ್ತು. ಮೂರೆಳಿ ಜಡಿ. ಹಸಿ ಹಸಿ. ತಿಪ್ಪಿಗೆ ಒಗದದ್ದು. ಸಗಣಿ ಹತ್ತಿತ್ತು, ನಡುವ ಬಿಳೇ ಹುಳ ಮಿಜಿಗುಡತಿದ್ದುವು. ಕಾಳಮ್ಮ ಸೆರಗು ಬಾಯಾಗ ತುರುಕಿಕೊಂಡು ಹೊರಗ ಓಡಿದ್ಲು.

ಬೆಳಕು ಹರಿಯೋಕಿಂತ ಮುಂಚೆ ಮೌನಪ್ಪ ಎಲ್ಲಾ ಅರಿವ್ಯಾಗ ಕಟ್ಟಿಕೊಂಡು ಭರಮಮ್ಮನ ಬಾಗಿಲಕ ಹೋದ. ಕರಿ ಪಟ್ಟಿ, ಉಳಿದ ತೊಲಿ, ಚಕ್ಕಿ, ಉಜ್ಜಿದ ಪುಡಿ, ಆ ಜಡಿ. ಮುದುಕಿ ಹೊಸ್ತಿಲದಾಗ ಕುಂತಿದ್ಲು, ಬಾಗಿಲು ತೆರೆದೇ ಇತ್ತು. ಹೊಸ್ತಿಲ ಹೊರಗ ಒಂದು ಬಿಳೇ ಕಟಗಿ ಹಣಿಗಿ ಇಟ್ಟಿದ್ಲು, ತಲಿ ಬಾಚೋದು.

"ಯವ್ವಾ..." ಅಂದ ಮೌನಪ್ಪ. ಗಂಟು ಬಿಚ್ಚಿದ. ಹೇಳಿದ. ಒಂದೂ ಮುಚ್ಚಲಿಲ್ಲ.

ಭರಮಮ್ಮ ಜಡಿ ಕೈಯಾಗ ತಗೊಂಡ್ಲು. ಹುಳ ಕೊಡವಿದ್ಲು. ಮೌನಪ್ಪಗ ಮಾರಿ ತಿರುವಾಕ ಧೈರ್ಯ ಬರಲಿಲ್ಲ.

"ನಾನ ಹೆಣೆದದ್ದು ಇದು," ಅಂದ್ಲು ಸಣ್ಣಗ. "ದಿನಾ ರಾತ್ರಿ ಬರ್ತಾಳ. ಅವ್ವಾ, ಹಣಿಗಿ ಕೊಡು ಅಂತಾಳ. ನಾನು ಹೊರಗ ಇಡ್ತೀನಿ. ಮುಂಜಾನಿ ನೋಡಿದ್ರ ಹಂಗ ಬಿದ್ದಿರತೈತಿ, ಒಣ ಒಣ. ಯಾಕ ಮುಟ್ಟವಲ್ಲಳು ಅಂತ ಈಗ ತಿಳೀತು. ಬಾಚಿಕೊಳ್ಳಾಕ ಕೂದಲ ಎಲ್ಲೈತಿ ಅಕಿಗೆ?"

"ತಪ್ಪಾತು ಯವ್ವಾ."

"ನಿನಗ ಕಟಗಿ ಕಂಡಿತು, ಮೌನಪ್ಪಾ. ನನ್ನ ಮಗಳು ಕಾಣಲಿಲ್ಲ." ಮುದುಕಿ ಅವನ ಕಾಲಿನ ಹತ್ರ ಉಗುಳಿದ್ಲು. "ಹೊರು. ನಡಿ."

ಹೊಳಿ ದಂಡಿಗೆ, ಎರ್ರೆಮ್ಮನ್ನ ಸುಟ್ಟ ಜಾಗಕ್ಕ ಹೋದ್ರು. ಮೌನಪ್ಪ ಒಟ್ಟಿದ, ಭರಮಮ್ಮ ಬೆಂಕಿ ಇಟ್ಟು ಜಡಿ ನಡುವ ಹಾಕಿದ್ಲು. ಕೂದಲ ಸುಟ್ಟ ನಾತ ಊರ ಅಗಸಿ ತನಕ ಬಂತಂತ, ನಮ್ಮ ದೊಡ್ಡವ್ವ ಮೂಗು ಮುಚ್ಚಿಕೊಂಡಿದ್ಲಂತ. ಕರಿಮರ ಜಲ್ದಿ ಸುಡಂಗಿಲ್ಲ. ಹೊತ್ತು ಮುಣುಗೋ ತನಕ ಇಬ್ರೂ ಅಲ್ಲೇ ಕುಂತ್ರು. ಚೂರು ಪುಡಿ ಉಳಿಯದಂಗ ಕೆದರಿ ಕೆದರಿ ಸುಟ್ಟು, ಬೂದಿ ಹೊಳಿಗೆ ಬಿಟ್ಟ ಮೌನಪ್ಪ. ಕಣ್ಣಾರೆ ನೋಡಿ ಬಿಟ್ಟ.

ರಾತ್ರಿ ಕಾಳಮ್ಮ ಅರ್ಧ ರೊಟ್ಟಿ, ಪುಂಡಿಪಲ್ಯ ಇಟ್ಲು. ಅಂವ ಕಣ್ಣು ಮುಚ್ಚಿ ಅಗಿದ. ಏನಿಲ್ಲ. ಬರೇ ರೊಟ್ಟಿ. ಅಳಕೊಂತ ನಾಕು ರೊಟ್ಟಿ ಉಂಡ.

ಮರುದಿನ ಮುಂಜಾನಿ ಭರಮಮ್ಮ ಹೇಳಿ ಕಳಿಸಿದ್ಲು. ಮೌನಪ್ಪ ಹೋದ. ಮುದುಕಿ ಸೆರಗಿನ್ಯಾಗಿಂದ ಹಣಿಗಿ ತೆಗೆದು ಅವನ ಅಂಗೈಯಾಗ ಇಟ್ಲು. ಹಸಿ ಇತ್ತು.

"ಬಾಚಿಕೊಂಡು ಹೋದ್ಲು," ಅಂದ್ಲು. "ಇನ್ನ ಬರಂಗಿಲ್ಲ. ಆದ್ರ ನಾನು ಇಟ್ಟಿದ್ದು ಬಿಳೇ ಹಣಿಗಿ, ನೀನೂ ನೋಡೀಯಲ್ಲ. ಇದ್ಯಾವ ಮರ ಹೇಳು. ಬಡಿಗೇರ ನೀನು."

ಮೌನಪ್ಪ ತಿರುವಿ ಹಾಕಿ ನೋಡಿದ. ಹಲ್ಲಿನಿಂದ ಬೆನ್ನಿನ ತನಕ ಕಾಡಿಗಿ ಇದ್ದಂಗ ಕಪ್ಪ. ನಾಲಿಗಿಗೆ ಹಚ್ಚಿ ನೋಡೋ ಜರೂರತ್ತು ಅವನಿಗೆ ಇರಲಿಲ್ಲ.

ಮರಿಸ್ವಾಮಿಯ ಗಿಟಾರಿಗೆ ಬೀಟೆ ಪಟ್ಟಿ ಕೂಡಿಸಿಕೊಟ್ಟ. ಕಂದು ಅಂತ ಮರಿಸ್ವಾಮಿ ಸಾಯೋ ತನಕ ಗೊಣಗಿದ. ಮೌನಪ್ಪ ಹೊಳ್ಳಿ ಕೊಟ್ಟ ಹಣಿಗಿ ಭರಮಮ್ಮನಿಂದ ನಮ್ಮ ದೊಡ್ಡವ್ವಗ ಬಂತು. ಸುಳ್ಳು ಅನ್ನೋರು ಕಂಪ್ಲಿಗೆ ಬರ್ರಿ, ತೋರಿಸ್ತೀನಿ. ಗೂಡಿನ್ಯಾಗ ಇಟ್ಟಾರ, ಯಾರೂ ತಲಿಗೆ ಹಚ್ಚಂಗಿಲ್ಲ. ನಾನು ಕೈಯಾಗ ಹಿಡಿದು ನೋಡೀನಿ. ಬ್ಯಾಸಿಗ್ಯಾಗ ಹೋಗಿದ್ದೆ, ಮುಟ್ಟಿದ್ರ ಬೆರಳಿಗೆ ಹರಳೆಣ್ಣಿ ಹತ್ತಿತು.