ಮಡಿಸಿಟ್ಟ ಟಾರ್ಪಾಲು

...ಇಲ್ಲ ಇಲ್ಲ, ಕೂತ್ಕೋ ಲೈಲ್, ಆ ಕಿಟಕಿ ಹತ್ರ ನಿಂತ್ಕೋಬೇಡ. ಅಲ್ಲೇನಿದೆ ನೋಡೋಕೆ? ಮೈದಾನ. ಹುಟ್ಟಿದಾಗಿಂದ ನೋಡ್ತಾನೇ ಇದೀಯ. ಮೊದ್ಲು ಬಾಗಿಲು ಹಾಕು. ಗೋಡೆಗೂ ಕಿವಿ ಇರುತ್ತೆ ಅಂತಾರೆ, ಈ ಆಫೀಸಿನ ಗೋಡೆಗಂತೂ ಬಾಯೂ ಇದೆ. ನಮ್ಮ ಟೀಮಲ್ಲಿ ಒಬ್ಬ ಚಾಡಿಕೋರ ಇದಾನೆ ಕಣೋ. ಹೌದು, ಇದಾನೆ. ನಾನು ಈ ಟೀಮಿನ ಮ್ಯಾನೇಜರು, ನಂಗೆ ವಾಸನೆ ಬಡಿಯುತ್ತೆ. ನಿಂಗೊಬ್ಬನಿಗೇ ಹೇಳ್ತಿದೀನಿ, ಯಾಕಂದ್ರೆ ನೀನು ಕ್ಯಾಚರು. ಬೇಸ್‌ಬಾಲ್ ಮೈದಾನದಲ್ಲಿ ಎಲ್ಲಾರೂ ಆ ಕಡೆ ನೋಡ್ತಿದ್ರೆ, ಬ್ಯಾಟ್ ಹಿಡಿದೋನ ಹಿಂದೆ ಈ ಕಡೆ ತಿರುಗಿ ಕೂತು ಎಲ್ಲಾರ ಮುಖ ನೋಡೋನು ನೀನೊಬ್ನೇ.

ಯಾಕೆ ಹಂಗೆ ನೋಡ್ತೀಯ?

ಅದಾ? ಆ ಟಾರ್ಪಾಲಾ? ಅದನ್ನ ನೋಡ್ತಿದ್ಯಾ ಇಷ್ಟೊತ್ತು? ಬಂತಪ್ಪ. ಬೆಳಿಗ್ಗೆ ಲಾರೀಲಿ ಬಂತು, ನೀನಿನ್ನೂ ಬಂದಿರ್ಲಿಲ್ಲ. ಎಲ್ಲಿಂದ ಅಂದ್ರೆ... ಬಂತು. ಲೀಗು ಅಂದ್ಮೇಲೆ ಒಂದೊಂದೇ ಸಾಮಾನು ಬರುತ್ತೆ. ಅದಿರ್ಲಿ, ನಾನು ಹೇಳೋದು ಕೇಳು.

ಈ ಪ್ರೆಸ್ಕಾಟ್ ಮೇಲೆ ನಂಗೆ ಮೊದ್ಲಿಂದ್ಲೂ ಅನುಮಾನ. ಹೊಸ ಲೀಗು ಹುಟ್ಟುಹಾಕಿದ ಪುಣ್ಯಾತ್ಮ ಅಂತ ನಮ್ಮ ಪೆಲ್ಟನ್ ಊರೋರೆಲ್ಲ ಅವನನ್ನ ಹೊತ್ಕೊಂಡು ಕುಣಿದ್ರು. ನಾನು ಕುಣೀಲಿಲ್ಲ. ಷಿಕಾಗೋದಿಂದ ಬಿಳೀ ಬೂಟು ಹಾಕ್ಕೊಂಡು ಬಂದವ್ನು ಅವ್ನು. ಅಯೋವಾದ ಜೋಳದ ಹೊಲದ ಮಧ್ಯೆ, ಏಪ್ರಿಲ್ ತಿಂಗಳ ಕೆಸರಲ್ಲಿ, ಬಿಳೀ ಬೂಟು! ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಾನು ಅವತ್ತೇ ಅಂದೆ. ಯಾರು ಕೇಳ್ತಾರೆ? ದೊಡ್ಡ ಲೀಗಿನೋರು ನಮ್ಮೂರಿನ ಟೀಮು ಬೇಡ ಅಂತ ತೆಗೆದುಹಾಕಿ, ಸ್ಟೇಡಿಯಮ್ಮಿಗೆ ಬೀಗ ಬಿದ್ದು, ಚೆಂಡೆಸೆಯೋ ಪಿಚರ್ ನಿಲ್ಲೋ ದಿಬ್ಬದ ಮೇಲೆ ಮುಳ್ಳುಗಿಡ ಬೆಳೆದಿತ್ತು. ಅಂಥಾ ಹೊತ್ತಲ್ಲಿ ಇವ್ನು ಲೈಬ್ರರೀಲಿ ಎಲ್ಲಾರನ್ನೂ ಸೇರಿಸಿ, ನಾಕು ಊರು ಕೂಡಿ ನಮ್ಮದೇ ಒಂದು ಲೀಗು ಮಾಡೋಣ, ಯಾವ ದೊಡ್ಡೋರ ಹಂಗೂ ಬೇಡ ಅಂದ. ನಿಮ್ಮಮ್ಮ ಅತ್ತೇಬಿಟ್ರು. ನಂಗೂ ಕಣ್ಣಲ್ಲಿ ಏನೋ ಬಿದ್ದಿತ್ತು.

ಸರಿ, ಚಪ್ಪಾಳೆ ಹೊಡೆದ್ವಿ. ಆಮೇಲೆ ಶುರುವಾಯ್ತು ನೋಡು ಅವನ ಕಟ್ಟಳೆ. ಒಳಮೈದಾನದ ಮಣ್ಣು ಪೂರ್ತಿ ಮುಚ್ಚೋವಷ್ಟು ದೊಡ್ಡ ಟಾರ್ಪಾಲು ಇಲ್ಲದ ಊರಲ್ಲಿ ಮೊದಲ ಆಟ ಆಡ್ಸಲ್ವಂತೆ. ಮಳೆ ಬಂದು ಮೊದಲನೇ ದಿನವೇ ಆಟ ಕೆಟ್ರೆ ಲೀಗಿಗೇ ಕೆಟ್ಟ ಹೆಸರಂತೆ. ಟಾರ್ಪಾಲು ಇಲ್ವಾ, ಉದ್ಘಾಟನೆ ಪಕ್ಕದೂರು ಹ್ಯಾಸ್ಕಿಲ್‌ಗೆ. ಹ್ಯಾಸ್ಕಿಲ್‌ಗೆ, ಲೈಲ್! ನಮ್ಮೂರ ಹೆಣ್ಮಕ್ಕಳು ಬಟ್ಟೆ ತೋರಣ ಹೊಲಿದು, ಮುದುಕರು ಬೆಂಚಿಗೆ ಬಣ್ಣ ಬಳಿದು, ಕೊನೇಗೆ ಉದ್ಘಾಟನೆ ಆ ಹ್ಯಾಸ್ಕಿಲ್ ಜನದ ಮುಂದೆ!

ನಮ್ಮ ಹಳೇ ಟಾರ್ಪಾಲಿನ ಗತಿ ನಿಂಗೇ ಗೊತ್ತಲ್ಲ. ನೀನೂ ಇದ್ದೆ, ಬಿಚ್ಚಿದಾಗ. ಇಲಿ ಸಂಸಾರ ಹೂಡಿತ್ತು. ಅಜ್ಜ, ಮರಿಮಗ, ಎಲ್ಲ ಒಂದೇ ಸಲಕ್ಕೆ ಹೊರಗೆ ಬಂತು. ಸರಿ. ಅದನ್ನ ನೋಡಿದ್ದು ಯಾರ್ಯಾರು? ನಾನು, ನೀನು, ಪಿಚರ್ ಕ್ಲೀಟಸ್. ಮೂರೇ ಜನ. ಯಾರ್ಗೂ ಹೇಳ್ಬೇಡಿ ಅಂತ ನಾನೇ ಬಾಯಿ ಕಟ್ಟಿಸಿದ್ದೆ. ಹಂಗಿದ್ಮೇಲೆ ನಾಳೆ ನಮ್ಮ ಎದುರು ಆಡೋ ಹ್ಯಾಸ್ಕಿಲ್ ಟೀಮಿನ ಮ್ಯಾನೇಜರ್ ಹಾಲಿಸ್ ಫೋನಲ್ಲಿ, ಇಲಿಗಳು ಹೇಗಿದಾವೆ ವೆಂಡೆಲ್ ಅಂತ ಕೇಳ್ತಾನಲ್ಲ, ಅವ್ನಿಗೆ ಹೇಳಿದ್ಯಾರು?

ಯಾಕೆ ಫೋನ್ ಮಾಡಿದ್ದ ಅಂದ್ರೆ... ಸುಮ್ನೆ. ಆಟ ಎಷ್ಟೊತ್ತಿಗೆ ಅಂತ ಮಾತಾಡೋಕೆ. ಇಬ್ರು ಮ್ಯಾನೇಜರು ಫೋನಲ್ಲಿ ಮಾತಾಡ್ಬಾರ್ದಾ?

ನಂಗೆ ಅನುಮಾನ ಕ್ಲೀಟಸ್ ಮೇಲೆ. ಅವನ ಭಾವಮೈದ ಹ್ಯಾಸ್ಕಿಲ್‌ನಲ್ಲಿ ಟ್ರ್ಯಾಕ್ಟರ್ ಮಾರ್ತಾನೆ, ಗೊತ್ತಾ? ನಿನ್ನೆ ಎಲ್ಲಾರ ಮುಂದೆ, ನಮ್ಮಲ್ಲೊಬ್ಬ ಚಾಡಿಕೋರ ಇದಾನೆ ಅಂದೆ ಬೇಕಂತ. ಅಂದ ತಕ್ಷಣ ಕ್ಲೀಟಸ್ ಕೆಮ್ಮಿದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ...

ಯಾಕೆ ನಗ್ತೀಯ? ನಾನೆಲ್ಲಿ ಹೆಗಲು ಮುಟ್ಕೊಂಡೆ? ಓ, ಇದಾ. ಇದು ನೋವು ಕಣೋ. ಬೆಳಿಗ್ಗೆ ಲಾರಿಯಿಂದ ಆ ದರಿದ್ರದ್ದನ್ನ ಇಳಿಸಿದ್ದು. ಒಬ್ನೇ ಮಡಿಸಿ ಇಡೋದು ಅಂದ್ರೆ ಆನೆಗೆ ಅಂಗಿ ಹಾಕ್ದಂಗೆ. ಒಬ್ನೇ ಯಾಕೆ ಅಂದ್ರೆ, ಬೇರೆ ಯಾರೂ ಇರ್ಲಿಲ್ಲ. ಯಾರೂ ಇಲ್ದಿರೋ ಹೊತ್ತಿಗೇ ಬಾ ಅಂತ ನಾನೇನು ಲಾರಿಯೋನಿಗೆ ಹೇಳಿರ್ಲಿಲ್ಲ.

ಕಾಫಿ ಕುಡೀತೀಯಾ? ಬೇಡ್ವಾ. ಸರಿ.

ನಿಮ್ಮಮ್ಮ ಹೇಗಿದಾರೆ? ನಾಳೆ ಆಟಕ್ಕೆ ಮುಂಚೆ ರಾಷ್ಟ್ರಗೀತೆ ಹಾಡೋದು ಅವ್ರೇ ತಾನೆ? ತಮ್ಮ ತಿಂಡಿ ಅಂಗಡೀಲಿ ಹಂದಿಮಾಂಸದ ತುಂಡು ಕರೀತಾ ಕರೀತಾನೇ ಅಭ್ಯಾಸ ಮಾಡ್ತಿದಾರೆ ಅಂತ ಊರೆಲ್ಲ ಸುದ್ದಿ. ಎಣ್ಣೆ ಕಾದಂಗೆ ದನಿಯೂ ಏರ್ತಾ ಇದೆಯಂತೆ. ಪಾಪ, ಎಷ್ಟು ವರ್ಷದ ಆಸೆ. ನೀನು ಎಲ್ಲೆಲ್ಲೋ ಆಡ್ದೆ, ಯಾರ್ಯಾರ್ದೋ ಮನೆಯ ಹಿತ್ತಲ ಕೋಣೇಲಿ ಮಲಗ್ದೆ, ಬಸ್ಸಲ್ಲೇ ಹುಟ್ಟುಹಬ್ಬ ಕಳೆದೆ. ನಿನ್ನನ್ನ ನಿನ್ನೂರ ಅಂಗಿ ಹಾಕ್ಕೊಂಡು ನಿನ್ನೂರ ಮಣ್ಣಲ್ಲಿ ಕೂತಿರೋದನ್ನ ನೋಡ್ಬೇಕು ಅಂತ ಅವ್ರು... ಅಲ್ಲ, ನೋಡ್ತಾರೆ. ನಾಳೆ ನೋಡೇ ನೋಡ್ತಾರೆ ನಿನ್ನ. ಅದ್ರಲ್ಲಿ ಸುಳ್ಳಿಲ್ಲ.

ಏನಾದ್ರೂ ಮಾತಾಡೋ ಮಾರಾಯ. ಬಾಯಿ ಬಿಚ್ಚಲ್ಲ ಅಂದ್ರೆ ಬೆರಳಲ್ಲಾದ್ರೂ ಹೇಳು, ಪಿಚರ್‌ಗೆ ಸನ್ನೆ ಮಾಡ್ತೀಯಲ್ಲ, ಹಂಗೆ.

ಇಲ್ಲಿ ಕೇಳು, ಹಾಲಿಸ್ ಕೆಟ್ಟೋನೇನಲ್ಲ. ಅವನ ಕಷ್ಟ ಅವನಿಗೆ. ಅಭ್ಯಾಸದಲ್ಲಿ ಅವನ ಕ್ಯಾಚರ್ ಹೆಬ್ಬೆರಳು ಮುರ್ಕೊಂಡ, ಬೇರೆ ಕ್ಯಾಚರೇ ಇಲ್ಲ. ಕ್ಯಾಚರ್ ಇಲ್ದೆ ಟೀಮು ಏನ್ ಮಾಡುತ್ತೆ? ಟಾರ್ಪಾಲು ಬೇಕಾದ್ರೆ ಎರಡಿದೆ ಅವನ ಹತ್ರ, ಆದ್ರೆ...

ಎರಡಿದೆ ಅಂತ ನಂಗೆ ಹೇಗೆ ಗೊತ್ತಾ? ನೋಡಿದೀನಿ. ಹಿಂದೆ ಒಂದ್ಸಲ ನೋಡಿದ್ದೆ.

ಹಂಗೆ ನೋಡ್ಬೇಡ್ವೋ. ಇಂಥ ಚಿಕ್ಕ ಲೀಗುಗಳ ರೀತಿ ನಿಂಗೆ ನಾನು ಹೇಳ್ಬೇಕಾ? ಆಟಗಾರನ್ನ ಬ್ಯಾಟಿಗೆ ಬದಲಾಗಿ ಬೇರೆ ಟೀಮಿಗೆ ಕೊಟ್ಟಿದಾರೆ, ಹಳೇ ಬಸ್ಸಿಗೆ ಬದಲಾಗಿ ಕೊಟ್ಟಿದಾರೆ. ನೀನೇ ತಾನೆ ಹೇಳಿದ್ದು, ಮೊಂಟಾನಾದಲ್ಲಿ ಆಡ್ತಿದ್ದಾಗ ನಿನ್ನ ಟೀಮಿನೋನೊಬ್ಬನ್ನ ಬಟ್ಟೆ ಒಗೆಯೋ ಮಷೀನಿಗೆ ಕೊಟ್ಟುಬಿಟ್ರು ಅಂತ? ಅವ್ನು ಎದುರು ಟೀಮಲ್ಲಿ ಆಡೋಕೆ ಬಂದಾಗೆಲ್ಲ ಜನ ಸೋಪಿನ ಪುಡಿ ಎಸೀತಿದ್ರು ಅಂತ ನೀನೇ ಹೇಳ್ದೆ. ನಾವೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕಿದ್ವಿ. ನೀನೂ ನಕ್ಕಿದ್ದೆ.

ಈಗ ಯಾಕೆ ನಗ್ತಿಲ್ಲ?

ನಮ್ಮೋರು ಹಂಗೆಲ್ಲ ಎಸೆಯಲ್ಲ ಬಿಡು. ಪೆಲ್ಟನ್ ಜನ ಅಂಥೋರಲ್ಲ. ನಾನು ಸುಮ್ನೆ ಹೇಳ್ದೆ, ಮಾತಿಗೆ.

ಲೈಲ್, ಆ ಚೀಲ ಯಾಕೆ ತಂದಿದೀಯ? ಅದು ಬಾಗಿಲ ಹತ್ರ ಇಟ್ಟಿದ್ದು. ಮುಖವಾಡ, ಎದೆಕವಚ, ಗ್ಲವ್ಸು, ಎಲ್ಲ ತುಂಬಿದೀಯಲ್ಲ. ನಾಳೆ ಆಟ ಇಲ್ಲೇ ಇರೋವಾಗ ಕಪಾಟು ಯಾಕೆ ಖಾಲಿ ಮಾಡ್ದೆ? ಯಾರು ಏನು ಹೇಳಿದ್ರು ನಿಂಗೆ? ಕ್ಲೀಟಸ್ಸಾ? ಹಾಲಿಸ್ಸೇ ಫೋನ್ ಮಾಡಿದ್ನಾ? ಆಟ ಮುಗಿಯೋ ತನಕ... ಅಲ್ಲ, ಇವತ್ತು ಸಂಜೆ ನಾನೇ ಹೇಳ್ತೀನಿ, ಅಲ್ಲೀವರೆಗೂ ಬಾಯಿ ಬಿಡ್ಬೇಡ ಅಂದಿದ್ದೆ ಅವನಿಗೆ.

ಅವರ್ಯಾರೂ ಅಲ್ವಾ.

ಮಂಡಿಗೆ ಯಾಕೋ ಮಣ್ಣು?

ಓ... ಟಾರ್ಪಾಲಿನ ಮಡಿಕೆ ಎತ್ತಿ ನೋಡಿದ್ಯಾ.

ಹಸಿರು ಅಕ್ಷರ ಒಳಗಡೆ ಬರೋ ಹಂಗೆ ಮಡಿಸಿದ್ದೆ ಕಣೋ. ಹೆಗಲು ಬಿದ್ದೋಗೋ ಹಂಗೆ ಎರಡೆರಡು ಸಲ ಮಗುಚಿ ಮಡಿಸ್ದೆ. ಹ್ಯಾಸ್ಕಿಲ್‌ನೋರಿಗೆ ತಮ್ಮ ಹೆಸರು ಅಂದ್ರೆ ಎಷ್ಟು ಪ್ರೀತಿ ನೋಡು, ನಾಕೂ ಮೂಲೇಲಿ ಬರ್ಕೊಂಡಿದಾರೆ.

ಸರಿ. ಕ್ಲೀಟಸ್ ಪಾಪ ಏನೂ ಹೇಳಿಲ್ಲ. ಅವನಿಗೆ ನಿಜವಾಗ್ಲೂ ಕೆಮ್ಮು. ಇಲಿ ವಿಷಯ ಹಾಲಿಸ್‌ಗೆ ಹೇಳಿದ್ದು... ಟಾರ್ಪಾಲು ಕೇಳೋವಾಗ ಯಾಕೆ ಬೇಕು ಅಂತಾನೂ ಹೇಳ್ಬೇಕಲ್ಲ. ಕೇಳ್ದೆ. ಅವ್ನು ಒಂದೇ ಮಾತಲ್ಲಿ ನಿನ್ನ ಹೆಸರು ಹೇಳ್ದ. ಬೇರೆ ಯಾರನ್ನಾದ್ರೂ ತಗೋ ಅಂದೆ, ಇಬ್ರನ್ನ ತಗೋ ಅಂದೆ. ಕ್ಲೀಟಸ್‌ನನ್ನೂ ಕೊಡ್ತೀನಿ ಅಂದೆ. ನಂಗೆ ಪಿಚರ್ ಬೇಡ ಅಂದ.

ಏನಾದ್ರೂ ಕೇಳೋ ನನ್ನ. ಬೈಯಿ. ಊರಿಗೆ ಆಟ ಬೇಕಿತ್ತು ಲೈಲ್, ಆಟ ಕೈಬಿಟ್ಟು ಹೋಗ್ತಿತ್ತು. ನಾನು ಏನ್ ಮಾಡ್ಲಿ? ಮೈದಾನಕ್ಕೆ ಮತ್ತೆ ಬೀಗ ಬಿದ್ರೆ ನಿನ್ನ ಕ್ಯಾಚರ್ ಮಾಡ್ಕೊಂಡು ನಾನು ಹಿತ್ತಲಲ್ಲಿ ಆಡಿಸ್ಲಾ? ಮತ್ತೆ ನಾಳೆ ನೀನು ಆಡೋದು ಇಲ್ಲೇ ತಾನೆ? ಇದೇ ಮಣ್ಣು, ಇದೇ ಜಾಗ. ನಿಮ್ಮಮ್ಮ ಎದುರಿಗೇ ನಿಂತು ಹಾಡ್ತಾರೆ. ಏನೂ ಬದಲಾಗಲ್ಲ. ಬರೀ ಅಂಗಿ... ಅಂಗಿ ಮಾತ್ರ ಹ್ಯಾಸ್ಕಿಲ್ ಹಸಿರು.

ಅವರಿಗೆ ಹೇಳ್ದ್ಯಾ? ನಿಮ್ಮಮ್ಮಂಗೆ?

ಹೇಳಿಲ್ವಾ.

ಅದೇನು ಸದ್ದು? ತಗಡಿನ ಮೇಲೆ... ಅಯ್ಯೋ ದೇವ್ರೇ, ಮಳೆ. ಕ್ಲೀಟಸ್! ಎಲ್ಲಾರೂ ಓಡ್ರೋ, ಟಾರ್ಪಾಲು ಎಳೀರೋ, ಮಣ್ಣು ನೆನೆದ್ರೆ ನಾಳೆ ಆಟ ಇಲ್ಲ! ಬೇಗ ಹಾಸೋಕೆ ಹತ್ತು ಜನ ಬೇಕು ಅದಕ್ಕೆ, ಎಷ್ಟು ಜನ ಇದೀರೋ ಅಲ್ಲಿ... ಆ ಕಡೆಯಿಂದ ಅಲ್ವೋ, ಕ್ಲೀಟಸ್, ಮಗುಚಿ, ಮಗುಚಿ... ಬಿಚ್ಚಿಬಿಟ್ರಲ್ಲೋ. ಅಕ್ಷರ ಮೇಲೆ ಬಂತು. ಎಲ್ಲಾರೂ ನಿಂತ್ಬಿಟ್ರು. ಓದ್ತಾ ಇದಾರೆ. ಎಲ್ಲಾರೂ ಈ ಕಿಟಕಿ ಕಡೇನೇ ನೋಡ್ತಾ ಇದಾರೆ, ಲೈಲ್.

ಎಲ್ಲಿಗೆ ಹೊರಟೆ? ಮಳೇಲಿ ಯಾಕೋ ಹೋಗ್ತೀಯ, ಲೈಲ್... ಚೀಲ ಇಲ್ಲೇ ಬಿಟ್ಟೆ... ಬೇಡ, ಆ ಟಾರ್ಪಾಲು ಮುಟ್ಬೇಡ. ಆ ಮೂಲೆ ಬಿಡು. ಬ್ಯಾಟ್ ಬೀಸೋ ಹೋಮ್ ಪ್ಲೇಟಿನ ಕಡೆ ಮೂಲೆ ಯಾವಾಗ್ಲೂ ಕ್ಯಾಚರ್‌ದು, ಗೊತ್ತು, ಆದ್ರೆ ಈಗ ನೀನು ನಮ್ಮ... ನೀನು ಎಳೀಬೇಕಾಗಿಲ್ಲ ಕಣೋ. ಬೇರೆ ಯಾರಾದ್ರೂ ಹಿಡೀತಾರೆ. ನಿನ್ನನ್ನ ಕೊಟ್ಟೇ ತಂದಿದ್ದು ಅದನ್ನ.

ಕೇಳಿಸ್ತಿದೆಯಾ? ಲೈಲ್?

ತಾಳು. ಒಬ್ನೇ ಎಳೀಬೇಡ, ತಾಳು. ನಾನೂ ಬಂದೆ.