ಎಡಗೈ ಬೌಲರ್

ಮಂಡಿನೋವಿಗೆಂದು ಫಿಸಿಯೋಥೆರಪಿ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ದರ್ಜಿ ಹೆಂಗಸು, ಪಕ್ಕದ ಬೆಂಚಿನ ಮಾತಿಗೆ ಕಿವಿಗೊಡಬಾರದೆಂದೇ ಅಂದುಕೊಂಡಿದ್ದಳು. ಅಲ್ಲಿದ್ದವರು ಇಬ್ಬರು: ಭುಜಕ್ಕೆ ಪಟ್ಟಿ ಸುತ್ತಿಕೊಂಡ ಕ್ರಿಕೆಟ್ ಆಟಗಾರ್ತಿ, ಆಟಗಾರ್ತಿಯರ ಪಾಡಿನ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ ಸಂಶೋಧಕಿ.

“ನನ್ನ ಹೆಸರು ಹಾಕಲ್ಲ ಅಂದಿದ್ರಲ್ಲ ಮೇಡಂ?” ಎಂದಳು ಆಟಗಾರ್ತಿ.

“ಹಾಕಿಲ್ಲ ಕಣಮ್ಮ. ‘ಒಬ್ಬ ಎಡಗೈ ಬೌಲರ್ ಹೇಳಿದ್ದು’ ಅಂತಷ್ಟೇ ಬರೆದೆ.”

“ತಂಡದಲ್ಲಿ ಎಡಗೈಯವಳು ನಾನೊಬ್ಬಳೇ.”

ಸಂಶೋಧಕಿ ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು ಹಾಳೆ ತಿರುವತೊಡಗಿದಳು.

“ಕ್ರಿಕೆಟ್ ಸಂಘದ ಅಧ್ಯಕ್ಷರು ಹುಡುಗೀರನ್ನ ಒಬ್ಬೊಬ್ಬರನ್ನೇ ಗೆಸ್ಟ್‌ಹೌಸಿಗೆ ಕರೆಸ್ತಾರೆ ಅಂದಿದ್ನಲ್ಲ, ಪೇಪರ್‌ನವರು ನಿಮ್ಮ ಲೇಖನದಿಂದ ಆ ಸಾಲನ್ನೇ ಎತ್ತಿ ಹಾಕಿದ್ರು.”

“ಅಧ್ಯಕ್ಷರೇನಾದ್ರೂ ಬೈದ್ರಾ?”

“ಬೈದಿದ್ರೆ ಚೆನ್ನಾಗಿತ್ತು. ಅವರು ಮಂತ್ರಿನೂ ಅಲ್ವಾ, ಓಟು ಕೇಳೋಕೆ ಬಂದ ಹಾಗೆ ನಗುನಗ್ತಾ ಮನೆಗೇ ಬಂದ್ರು. ಅಪ್ಪನ ಹೆಗಲ ಮೇಲೆ ಕೈಹಾಕಿ, ನಿಮ್ಮ ಚಿಕ್ಕ ಮಗಳೂ ಚೆನ್ನಾಗಿ ಆಡ್ತಾಳಂತೆ, ಕ್ಯಾಂಪಿಗೆ ಕಳಿಸಿ ಅಂದ್ರು. ಅಪ್ಪ ಹಿಗ್ಗಿ ಹೂಂ ಅಂದುಬಿಟ್ರು.”

“ಅಪ್ಪನಿಗೆ ನೀನು ಹೇಳಲಿಲ್ವಾ?”

“ನಿಮಗೆ ಹೇಳಿದ್ದನ್ನ ಅಪ್ಪನಿಗೆ ಹೇಳೋಕಾಗುತ್ತಾ?”

ಅಷ್ಟರಲ್ಲಿ ಆಟಗಾರ್ತಿಯ ಫೋನು ಬಡಿದುಕೊಂಡಿತು. ಹುಡುಗಿಯೊಬ್ಬಳ ಲವಲವಿಕೆಯ ದನಿ ದರ್ಜಿಗೂ ಕೇಳಿಸಿತು.

“ಅಕ್ಕಾ, ಮಂತ್ರಿ ಸರ್ ಕಾರು ಕಳಿಸಿದ್ರು! ಕ್ಯಾಂಪಿಗೆ ಹೊರಟೆ.”

“ಜೊತೆಗೆ ಯಾರಿದ್ದಾರೆ?”

“ಯಾರೂ ಇಲ್ಲ, ನಾನೊಬ್ಬಳೇ.”

“ಇಳಿದುಬಿಡು ಚಿನ್ನಾ. ಹೊಟ್ಟೆನೋವು ಅಂತ ಹೇಳು.”

“ಡ್ರೈವರ್ ನಿಲ್ಲಿಸಲ್ಲ ಅಂತಾನೆ ಅಕ್ಕ. ಗ್ರೌಂಡಿನ ರಸ್ತೆ ಬಿಟ್ಟು ಬೇರೆ ಕಡೆ ಹೋಗ್ತಿದ್ದಾನೆ.”

ಆಟಗಾರ್ತಿ ಧಡಕ್ಕನೆ ಎದ್ದು ಓಡಿದಳು. ಸಂಶೋಧಕಿ ಚೀಲವನ್ನೂ ಮರೆತು ಹಿಂದೆಯೇ ಓಡಿದಳು. ಮೆಟ್ಟಿಲಿಳಿಯುತ್ತಾ ಅಕ್ಕ ಕೂಗುತ್ತಿದ್ದುದು ದರ್ಜಿಗೆ ಕೇಳಿಸುತ್ತಲೇ ಇತ್ತು: “ಫೋನ್ ಇಡಬೇಡ. ಕಿಟಕಿಯಿಂದ ಏನೇನು ಕಾಣ್ತಿದೆ, ಎಲ್ಲಾ ಹೇಳ್ತಾ ಇರು.”